ಮಾಳವ್ವನ ಬುತ್ತಿ

ಹೊಳೆಯ ದಂಡೆಗೆ ಒಂದು ಆಶ್ರಮವಿತ್ತು. ಯಾವ ಹೊಳೆ ಎಂದು ಕೇಳಬೇಡಿ. ಹೆಸರು ಹೇಳಿದರೆ ನೋಡಲು ಹೊರಟುಬಿಡುತ್ತೀರಿ, ಅಲ್ಲಿ ಈಗ ಏನೂ ಉಳಿದಿಲ್ಲ.

ಸುತ್ತಲಿನ ಬಡವರ ಮಕ್ಕಳು ಅಲ್ಲಿ ಉಂಡು, ಮಲಗಿ, ಅಕ್ಷರ ಕಲಿಯುತ್ತಿದ್ದರು. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ವಯಸ್ಸಾಯಿತೆಂದು ಅಜ್ಜಾರು ಪಡಸಾಲೆಯಲ್ಲಿ ಪಾಠ ಹೇಳುವ ಕೆಲಸವನ್ನು ತಮ್ಮ ಶಿಷ್ಯ ಮುರಿಗೆಪ್ಪನಿಗೆ ವಹಿಸಿದ್ದರು.

ಮುರಿಗೆಪ್ಪ ಕೆಟ್ಟವನಲ್ಲ. ಪಾಠ ತಪ್ಪಿಸುತ್ತಿರಲಿಲ್ಲ, ಮಕ್ಕಳ ಮೇಲೆ ಕೈ ಎತ್ತುತ್ತಿರಲಿಲ್ಲ. ಅದೇ ಅವನಿಗೆ ತೊಡಕಾಯಿತು. ತನ್ನ ಕಡೆಯಿಂದಲೂ ತಪ್ಪಾಗಬಹುದು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಒಂದು ಬೆಳಿಗ್ಗೆ ಅಜ್ಜಾರು ಹೊಳೆಯಲ್ಲಿ ತಮ್ಮ ಕಾವಿ ಬಟ್ಟೆ ಒಗೆಯುತ್ತಿದ್ದಾಗ ಅವನು ಬಂದು ಕೈಮುಗಿದು ನಿಂತ.

"ಅಜ್ಜಾರ, ಮಾಳವ್ವನ್ನ ಮನಿಗೆ ಕಳಸಬೇಕಂತ ಮಾಡೇನ್ರಿ."

"ಯಾಕ?"

"ಬಂದು ಮೂರು ತಿಂಗಳಾತ್ರಿ. ಒಂದು ದಿನಾನೂ ಪಾಠ ಒಪ್ಪಿಸಿಲ್ಲ. ಎಬ್ಬಿಸಿ ನಿಲ್ಲಿಸಿದ್ರ ಬಾಯಿಗೆ ಬೀಗ ಹಾಕ್ಕೊಂಡು ನಿಂತುಬಿಡತಾಳ. ಸೊಕ್ಕು ಭಾಳ ಐತಿ. ಆ ಜಾಗಕ್ಕ ಬ್ಯಾರೆ ಕೂಸು ಬಂದ್ರ ಏನಾರ ಕಲಿತೈತಿ."

ಮಾಳವ್ವ ಕುರಿಗಾರರ ಹುಡುಗಿ, ಒಂಬತ್ತು ವರ್ಷದವಳು. ಅವಳ ಮಂದಿ ಹಿಂಡು ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ಹೋಗುವವರು. ಅವರಲ್ಲಿ ಪಾಟಿ ಬಳಪ ಹಿಡಿದ ಮೊದಲ ಕೂಸು ಇವಳೇ.

ಮೂರು ತಿಂಗಳು ಒಪ್ಪಿಸದ ಮಗುವನ್ನು ಮನೆಗೆ ಕಳಿಸಬಹುದು ಎಂದು ಆಶ್ರಮದ ನಿಯಮವಿತ್ತು. ಹಾಗೆ ಹೋದ ಮಗು ತಿರುಗಿ ಬಂದದ್ದಿಲ್ಲ. ಮಾಳವ್ವ ಹೋದರೆ ಕುರಿಯ ಹಿಂದೆ ಹೋಗುತ್ತಾಳೆ, ಅಲ್ಲಿಗೆ ಅವಳ ಓದು ಮುಗಿಯಿತು. ಇದು ಮುರಿಗೆಪ್ಪನಿಗೂ ಗೊತ್ತಿತ್ತು.

ಅಜ್ಜಾರು ಬಟ್ಟೆ ಹಿಂಡಿದರು.

"ಆತು, ಕಳಸು."

ಮುರಿಗೆಪ್ಪ ವಾದಕ್ಕೆ ತಯಾರಾಗಿ ಬಂದಿದ್ದ. ಜೋಡಿಸಿಟ್ಟುಕೊಂಡ ಮಾತೆಲ್ಲ ಬಾಯಲ್ಲೇ ಉಳಿಯಿತು.

"ಬುತ್ತಿಗೆ ಏನು ಕಟ್ಟತಿ?" ಅಜ್ಜಾರು ಕೇಳಿದರು.

ಆಶ್ರಮದಲ್ಲಿ ಒಂದು ಪದ್ಧತಿ. ಮಗುವನ್ನು ಕಳಿಸುವ ಮಾಸ್ತರನೇ ದಾರಿಯ ಬುತ್ತಿಯನ್ನು ಕೈಯಾರೆ ಮಾಡಿ ಕಟ್ಟಬೇಕು. ಆ ಮಗು ಆಸೆಪಟ್ಟು ತಿನ್ನುವುದನ್ನೇ ಕಟ್ಟಬೇಕು. ಆಮೇಲೆ ಜೊತೆಗೆ ನಡೆದುಹೋಗಿ, ಹೆತ್ತವಳ ಎದುರು ನಿಂತು, ಯಾಕೆ ಕಳಿಸಿದೆ ಎಂದು ಹೇಳಿ ಬರಬೇಕು. ಈ ಪದ್ಧತಿ ಹಾಕಿದವರು ಯಾರೋ ಗೊತ್ತಿಲ್ಲ, ಬೆರಕಿ, ಬಲು ಚತುರ ಮನುಷ್ಯರೇ ಇರಬೇಕು. ಅದರಿಂದ ಎಷ್ಟೋ ಮಾಸ್ತರರು ಕಳಿಸುವ ಗೊಡವೆಗೇ ಹೋಗುತ್ತಿರಲಿಲ್ಲ.

"ಜ್ವಾಳದ ರೊಟ್ಟಿ, ಬದ್ನಿಕಾಯಿ ಪಲ್ಯ ಕಟ್ಟತೀನ್ರಿ."

"ಆಕಿಗೆ ಸೇರತೈತೇನು?"

"ಎಲ್ಲಾ ಮಕ್ಕಳೂ ತಿಂತಾವ್ರಿ."

"ಎಲ್ಲಾರ್ನ ಕೇಳಲಿಲ್ಲ ನಾ."

ಮುರಿಗೆಪ್ಪ ಅಡುಗೆಮನೆಗೆ ಹೋದ. ಅಲ್ಲಿ ಗಿರಿಮಲ್ಲವ್ವ ರೊಟ್ಟಿ ಬಡಿಯುತ್ತಿದ್ದಳು. ಇಪ್ಪತ್ತು ವರ್ಷದಿಂದ ಆಶ್ರಮದ ಒಲೆ ಅವಳದೇ.

"ಯಕ್ಕಾ, ಮಾಳವ್ವ ಏನು ಆಸೆಪಟ್ಟು ತಿಂತಾಳ?"

"ಯಾವ ವಾರ?"

"ವಾರಕ್ಕೊಂದು ರುಚಿ ಐತೇನು ಆಕಿಗೆ?"

"ಸ್ವಾಮವಾರ, ಗುರುವಾರ ತುತ್ತು ಮುಟ್ಟಂಗಿಲ್ಲ. ನೀ ಪಾಠ ಒಪ್ಪಿಸ್ಕೊಳ್ಳೋ ದಿನ ಅವು. ಏನಾರ ಉಪಾಸ ಹಚ್ಚೀಯೇನೋ ಅಂತ ಸುಮ್ಮನಿದ್ದೆ. ಒತ್ತಾಯ ಮಾಡಿ ಉಣಿಸಿದ್ರ ಹಿತ್ತಲಕ್ಕ ಹೋಗಿ ವಾಂತಿ ಮಾಡ್ಕೋತಾಳ."

"ಉಳಿದ ದಿನ?"

"ಕೊಟ್ಟದ್ದು ತಿಂತಾಳ. ಒಮ್ಮೆ ಎಳ್ಳು ಹಚ್ಚಿ ಸಜ್ಜಿರೊಟ್ಟಿ ಮಾಡಿದ್ದೆ. ಅವತ್ತ ಮೂರು ತಿಂದು, ನಾಕನೇದು ಕೇಳಾಕ ನಾಚಿ ಸುಮ್ಮನ ನನ್ನ ಸುತ್ತ ಸುಳದಾಡಿದ್ಲು."

"ಕೇಳಾಕ ಬಾಯಿ ಬೇಕಲ್ಲ. ಆಕಿಗೆ ಬಾಯೇ ಇಲ್ಲ."

ಗಿರಿಮಲ್ಲವ್ವ ಬಡಿಯುವುದನ್ನು ನಿಲ್ಲಿಸಿದಳು.

"ಯಾರಿಗೆ ಬಾಯಿಲ್ಲ? ಈ ವಯಸ್ಸಿನ್ಯಾಗ ನನಗ ಏಳರ ಮಗ್ಗಿ ಬಾಯಿಪಾಠ ಆಗೇತಿ, ಯಾರಿಂದ ಅಂತ ಮಾಡೀ? ಹೊಳ್ಯಾಗ ಗಂಗಾಳ ತಿಕ್ಕೂಮುಂದ ಅಂದಕೋತನ ತಿಕ್ಕತಾಳ. ಈಗ ಹದಿಮೂರಕ್ಕ ಬಂದಾಳ. ಅದು ನನ್ನ ತಲಿಗೆ ಹತ್ತವಲ್ದು."

ಮುರಿಗೆಪ್ಪನಿಗೆ ಸಿಟ್ಟು ನೆತ್ತಿಗೇರಿತು. ಬರುತ್ತದೆ, ಆದರೂ ಹೇಳುವುದಿಲ್ಲ ಎಂದರೆ ಸೊಕ್ಕಲ್ಲದೆ ಇನ್ನೇನು? ಹಾಗೇ ದಡದಡನೆ ಅಜ್ಜಾರ ಹತ್ತಿರ ಬಂದ. ಅವರು ಬಟ್ಟೆ ಒಣಹಾಕುತ್ತಿದ್ದರು.

"ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಸೇರತೈತಂತ್ರಿ. ಮತ್ತ, ಆಕಿಗೆ ಎಲ್ಲಾ ಬರತೈತಿ. ಗಂಗಾಳದ ಮುಂದ ಹೇಳತಾಳ, ನನ್ನ ಮುಂದ ಹೇಳವಲ್ಲಳು. ನೋಡ್ರಿ ಸೊಕ್ಕು."

"ಮತ್ತೇನು ಗೊತ್ತಾತು?"

"ಒಪ್ಪಿಸೋ ದಿನ ಉಣ್ಣಂಗಿಲ್ಲಂತ."

"ಸೊಕ್ಕಿದ್ದವರು ಚಲೋತ್ನಂಗ ಉಣ್ಣತಾರ, ನಾ ನೋಡಿದಂಗ."

ಅಜ್ಜಾರು ಬಟ್ಟೆಯ ಸುಕ್ಕು ಬಿಡಿಸಿದರು.

"ಆಕಿ ತಾಯಿ ಈಗ ಎಲ್ಲಿ ಅದಾಳ?"

ಅದೂ ಅವನಿಗೆ ಗೊತ್ತಿರಲಿಲ್ಲ. ಹಿಂಡು ಯಾವ ಸೀಮೆಯಲ್ಲಿದೆ ಎಂದು ಅವನು ಎಂದೂ ಕೇಳಿರಲಿಲ್ಲ.

"ಎಲ್ಲಿಗೆ ಕರಕೊಂಡು ಹೊಕ್ಕೀ ಹಂಗಾರ? ಹೋಗಿ ಕೇಳು. ಪಡಸಾಲ್ಯಾಗ ನಿಲ್ಲಿಸಿ ಕೇಳಬ್ಯಾಡ ಮತ್ತ."

ಮಧ್ಯಾಹ್ನ ಮಾಳವ್ವ ಹೊಳೆಯ ಅಂಚಿಗೆ ಕುಳಿತು ಬೂದಿ ಹಾಕಿ ಎಲ್ಲರೂ ಉಂಡ ಗಂಗಾಳ ತಿಕ್ಕುತ್ತಿದ್ದಳು. ತುಟಿ ಅಲುಗುತ್ತಿತ್ತು. ಮಾಸ್ತರನ ನೆರಳು ಕಂಡದ್ದೇ ತುಟಿ ನಿಂತಿತು. ಎದ್ದು, ಬೂದಿಗೈ ಕಟ್ಟಿಕೊಂಡು ನೆಟ್ಟಗೆ ನಿಂತಳು.

"ಕುಂದರವ್ವಾ," ಎಂದ ಮುರಿಗೆಪ್ಪ.

ಅವಳು ಕೂರಲಿಲ್ಲ. ಅವನೇ ಕುಳಿತ. ಒದ್ದೆ ಮರಳು ಧೋತರಕ್ಕೆ ಹತ್ತಿತು. ಆಗ ಅವಳೂ ಕುಳಿತಳು, ನಾಲ್ಕು ಮಾರು ದೂರ.

"ನಿಮ್ಮ ಅವ್ವ ಈಗ ಎಲ್ಲಿ ಅದಾಳ?"

"ಎರಿಹೊಲದ ಕಡೆರಿ. ಮೂರು ದಿನದ ದಾರಿ."

ಗಟ್ಟಿಯಾದ, ಸ್ವಚ್ಛವಾದ ದನಿ. ಮೂರು ತಿಂಗಳಲ್ಲಿ ಅದನ್ನು ಕೇಳಿದ ನೆನಪೇ ಅವನಿಗಿರಲಿಲ್ಲ.

"ನಿನಗ ಒಂದು ಬುತ್ತಿ ಕಟ್ಟಬೇಕಾಗೇತಿ."

ಬುತ್ತಿ ಎಂದರೇನೆಂದು ಆಶ್ರಮದ ಮಕ್ಕಳಿಗೆಲ್ಲ ಗೊತ್ತು. ಮಾಳವ್ವ ಕೈಯಲ್ಲಿದ್ದ ಗಂಗಾಳವನ್ನು ಮಗುಚಿ ಇಟ್ಟಳು. ಅಳಲಿಲ್ಲ.

"ಹೋದ್ರ ನಾ ತಿರಗಿ ಬರಾಂಗಿಲ್ರಿ."

"ಗೊತ್ತೈತಿ. ಅದಕ್ಕ ಕೇಳಾಕ ಬಂದೀನಿ. ಮಗ್ಗಿ ಬರತೈತಿ ನಿನಗ. ನನ್ನ ಮುಂದ ಯಾಕ ಹೇಳಂಗಿಲ್ಲ?"

ಅವಳು ನೀರು ನೋಡುತ್ತ ಕುಳಿತಳು. ಮುರಿಗೆಪ್ಪನಿಗೆ ಎರಡು ಸಲ ಗದರಿಸಬೇಕೆನಿಸಿತು. ಎರಡೂ ಸಲ ಬಾಯಿ ಮುಚ್ಚಿಕೊಂಡ. ಅವತ್ತಿನ ಮಟ್ಟಿಗೆ ಅವನು ಮಾಡಿದ ಶಾಣೇತನದ ಕೆಲಸ ಅದೊಂದೇ.

"ನೀವ ಹೇಳೀರಲ್ರಿ," ಎಂದಳು ಕೊನೆಗೆ.

"ನಾ ಏನು ಹೇಳಿದೆ?"

"ಕುರಿ ಒದರಿದಂಗ ಒದರಬ್ಯಾಡ ಅಂತ."

"ಯಾವಾಗ?"

"ನಾ ಬಂದ ದಿನ. ನಾ ನನ್ನ ಹೆಸರು ಹೇಳಿದ್ನೆಲ್ರಿ, ಅವಾಗ. ನೀವು ನಕ್ಕೀರಿ. ಎಲ್ಲಾರೂ ನಕ್ಕರು."

ಮುರಿಗೆಪ್ಪ ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಬಯಲಲ್ಲಿ ಹಿಂಡಿನ ಹಿಂದೆ ಕೂಗಿ ಬೆಳೆದ ಹುಡುಗಿ. ಮೊದಲ ದಿನ ಗಟ್ಟಿಯಾಗಿ ಹೇಳಿರಬೇಕು. ತಾನು ನಗಿಸಲೆಂದು ಏನೋ ಅಂದಿರಬೇಕು. ಅಂದು ಮರೆತಿದ್ದಾನೆ.

"ಈಗೂ ನಾ ಬಾಯಿ ತೆಗದ್ರ ಅವರು ಬ್ಯಾ ಅಂತಾರ್ರಿ," ಎಂದಳು ಮಾಳವ್ವ.

ಈಗ ಅವನಿಗೆ ಒಂದು ನೆನಪಾಯಿತು. ಪಡಸಾಲೆಯ ಹಿಂದುಗಡೆ ಆಗಾಗ ಬ್ಯಾ ಎನ್ನುವ ಸದ್ದು ಕೇಳುತ್ತಿತ್ತು. ಆಡು ಬೇಲಿ ಹಾರಿ ಬಂದಿವೆ ಎಂದುಕೊಂಡು ಒಂದು ದಿನ ಕೋಲು ಹಿಡಿದು ಓಡಿಸಲು ಹೋಗಿದ್ದ. ಅಲ್ಲಿ ಆಡು ಇರಲಿಲ್ಲ. ಆರೇಳು ಮಕ್ಕಳಿದ್ದರು, ನಗುತ್ತಿದ್ದರು. ಆಟ ಆಡುತ್ತಿದ್ದಾರೆ ಎಂದು ತಿರುಗಿ ಬಂದಿದ್ದ.

ಅವನಿಗೆ ಬಹಳ ನಾಚಿಕೆಯಾಯಿತು. ಹುಡುಗಿಯ ಮುಖ ನೋಡಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋದ.

ಗಿರಿಮಲ್ಲವ್ವನ ಕೈಯಿಂದ ಹಿಟ್ಟು ತೆಗೆದುಕೊಂಡು ತಾನೇ ನಾದಿದ. ಮೊದಲನೆಯ ರೊಟ್ಟಿ ಹರಿಯಿತು. ಎರಡನೆಯದು ಸೀದಿತು. ಗಿರಿಮಲ್ಲವ್ವ ಬಾಗಿಲಲ್ಲಿ ನಿಂತು, "ಯಾರು ತಿನ್ನಬೇಕಪಾ ಇದನ್ನ," ಅಂದಳು, ಆದರೆ ಕೈ ಹಾಕಲಿಲ್ಲ. ಸಂಜೆಯ ಹೊತ್ತಿಗೆ ಎಂಟು ಸಜ್ಜಿರೊಟ್ಟಿ ಒಂದು ಲೆಕ್ಕಕ್ಕೆ ಬಂದವು. ಅವನ್ನು ಒಲೆಯ ಬಿಸಿಗೆ ಕಟಕಾಗುವವರೆಗೆ ಒಣಗಿಸಿ, ಅಗಸಿ ಚಟ್ನಿಪುಡಿ ಇಟ್ಟು, ಬಟ್ಟೆಯಲ್ಲಿ ಕಟ್ಟಿದ.

ಬುತ್ತಿ ಹಿಡಿದು ಅಜ್ಜಾರ ಮುಂದೆ ನಿಂತ.

"ತಯಾರಾತೇನು?"

"ಆತ್ರಿ."

"ಆಕಿ ತಾಯಿಗೆ ಹೇಳೋ ಕಾರಣ?"

"ಕಾರಣ ನಾನ ಅದೀನ್ರಿ ಅಜ್ಜಾರ." ಹೊಳೆಯ ಬಳಿ ಕೇಳಿದ್ದನ್ನೆಲ್ಲ ಮುರಿಗೆಪ್ಪ ಒಂದೂ ಬಿಡದೆ ಹೇಳಿದ. ಆಮೇಲೆ ಬುತ್ತಿಯನ್ನು ಅಜ್ಜಾರ ಕಾಲ ಬಳಿ ಇಟ್ಟ. "ನಾ ಈ ಕೆಲಸಕ್ಕ ತಕ್ಕವ ಅಲ್ರಿ. ಇದನ್ನ ತಗೊಂಡು ನಾನ ಹೊಕ್ಕೀನಿ."

"ನೀ ಹೋದ್ರ ಆಕಿ ಬಾಯಿ ತೆಗೀತಾಳೇನು?"

"ಇಲ್ರಿ."

"ಹುಡುಗರು ಬ್ಯಾ ಅನ್ನೋದು ಬಿಡತಾರೇನು?"

"ಇಲ್ರಿ."

"ಹಂಗಾರ ನೀ ಹೋಗೋದು ಯಾರ ಸುಖಕ್ಕ?"

ಅಜ್ಜಾರು ಬುತ್ತಿಯನ್ನು ಮುಟ್ಟಲಿಲ್ಲ.

"ಆ ಮಾತು ಎಲ್ಲಿ ಆಡಿದ್ದಿ?"

"ಪಡಸಾಲ್ಯಾಗ್ರಿ. ಎಲ್ಲಾ ಮಕ್ಕಳ ಮುಂದ."

"ತಪ್ಪಾತು ಅಂತ ಇಲ್ಲಿ ನಿಂತು ಹೇಳಾಕತ್ತೀಯಲ್ಲ. ನನ್ನೊಬ್ಬನ ಮುಂದ."

ಇಷ್ಟು ಹೇಳಿ ಅಜ್ಜಾರು ಒಳಗೆ ಹೋದರು. ಬುತ್ತಿ ಅಲ್ಲೇ ಇತ್ತು. ಮುರಿಗೆಪ್ಪ ಅದನ್ನು ಎತ್ತಿಕೊಂಡ.

ಮರುದಿನ ಪಡಸಾಲೆಯಲ್ಲಿ ಮಕ್ಕಳೆಲ್ಲ ಪಾಟಿ ಹಿಡಿದು ಕುಳಿತಿದ್ದರು. ಮುರಿಗೆಪ್ಪ ಕೂರಲಿಲ್ಲ. ಪಾಠ ಒಪ್ಪಿಸುವ ಮಕ್ಕಳು ನಿಲ್ಲುವ ಕಂಬದ ಹತ್ತಿರ ಹೋಗಿ ನಿಂತ. ಇಲ್ಲಿ ನಿಂತರೆ ಎಲ್ಲರ ಕಣ್ಣೂ ಮೈಮೇಲೆ ಬೀಳುತ್ತವೆ ಎಂಬುದು ಅವನಿಗೆ ಅವತ್ತೇ ಗೊತ್ತಾದದ್ದು.

"ಮೂರು ತಿಂಗಳ ಹಿಂದ ನಾ ಇಲ್ಲಿ ಒಂದು ಮಾತು ಆಡಿದ್ದೆ," ಎಂದ. "ಮಾಳವ್ವನ ದನಿಗೆ ಕುರಿ ದನಿ ಅಂದಿದ್ದೆ. ಆಡಬಾರದಿತ್ತು. ನಾ ನಕ್ಕದ್ದಕ್ಕ ನೀವೂ ನಕ್ಕೀರಿ, ಅದೂ ನನ್ನದ ತಪ್ಪು. ಮಾಳವ್ವಾ, ತಪ್ಪಾತವ್ವಾ. ಇನ್ನ ಮ್ಯಾಲೆ ಇಲ್ಲಿ ಯಾರಾರ ಬ್ಯಾ ಅಂದ್ರ, ಅದು ನನಗ ಅಂದಂಗ."

ಮಕ್ಕಳು ಪಿಳಿಪಿಳಿ ನೋಡಿದವು. ಮಾಸ್ತರನೊಬ್ಬ ತಪ್ಪಾಯಿತು ಎನ್ನುವುದನ್ನು ಅವು ನೋಡಿರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ನಗಲು ಬಾಯಿ ತೆರೆದವನು ಅಕ್ಕಪಕ್ಕ ನೋಡಿ ಮುಚ್ಚಿದ.

ಮಾಳವ್ವ ಪಾಟಿಯಿಂದ ಕಣ್ಣೆತ್ತಲಿಲ್ಲ.

ಮುರಿಗೆಪ್ಪ ಬುತ್ತಿಯನ್ನು ಅವಳ ಮುಂದೆ ಇಟ್ಟ. "ಇದು ನಿನ್ನದು. ಹೊಕ್ಕೀನಿ ಅಂದ್ರ ನಾ ನಿಮ್ಮ ಹಿಂಡಿನ ತನಕ ಬಂದು ಬಿಟ್ಟು ಬರತೀನಿ, ತಪ್ಪು ನನ್ನದು ಅಂತ ನಿಮ್ಮ ಅವ್ವಗ ಹೇಳತೀನಿ. ಇರತೀನಿ ಅಂದ್ರ ಇರು. ಆಖೈರು ಮಾತು ನಿನ್ನದು."

ಅವಳು ಬುತ್ತಿಯನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡಳು.

ಅವತ್ತು ಹೋಗಲೂ ಇಲ್ಲ, ಬುತ್ತಿ ಬಿಚ್ಚಲೂ ಇಲ್ಲ. ಹಾಸಿಗೆಯ ತಲೆದೆಸೆಗೆ ಇಟ್ಟುಕೊಂಡಳು. ಬೆಳಿಗ್ಗೆ ಎದ್ದೊಡನೆ ಮುರಿಗೆಪ್ಪ ಮೊದಲು ಅದನ್ನೇ ನೋಡುತ್ತಿದ್ದ. ಗಂಟು ಹಾಗೇ ಇರುತ್ತಿತ್ತು. ಇವತ್ತು ಹೋಗುತ್ತಾಳೋ ನಾಳೆ ಹೋಗುತ್ತಾಳೋ ಎಂದು ಅವನಿಗೆ ಊಟ ಸೇರುತ್ತಿರಲಿಲ್ಲ.

ಸೋಮವಾರ ಬಂತು. ಮಾಳವ್ವನ ಸರದಿ ಬಂದಾಗ ಅವನು ಅವಳನ್ನು ಎಬ್ಬಿಸಲಿಲ್ಲ, ಮುಂದಿನವರನ್ನು ಕರೆದ. ಹಾಗೆ ಕರೆಯುವಾಗ ಆ ಮುಂದಿನ ಹುಡುಗ ಕಂಬವನ್ನೇ ನೋಡುತ್ತ ಏಳಲು ಹಿಂಜರಿಯುವುದು ಕಾಣಿಸಿತು. ಇವನಿಗೂ ಅಲ್ಲಿ ನಿಲ್ಲಲು ಅಂಜಿಕೆಯೇ ಎಂದುಕೊಂಡ. "ಅಲ್ಲೇ ಕುಂತು ಹೇಳೋ," ಎಂದ. ಹುಡುಗ ಕುಳಿತೇ ಹೇಳಿದ. ಮುಂಚೆಗಿಂತ ಚೆನ್ನಾಗಿ ಹೇಳಿದ.

ಗುರುವಾರ ಬಂತು, ಮತ್ತೆ ಸೋಮವಾರ ಬಂತು. ಮಾಳವ್ವ ಮಾತಾಡಲಿಲ್ಲ.

ಮುರಿಗೆಪ್ಪ ಅಜ್ಜಾರ ಹತ್ತಿರ ಹೋದ.

"ಅಜ್ಜಾರ, ಅವತ್ತಿನಿಂದ ಒಬ್ಬರೂ ಆಕಿಗೆ ಬ್ಯಾ ಅಂದಿಲ್ರಿ. ನಾನೂ ಒಂದು ಮಾತು ಅಂದಿಲ್ಲ. ಆದ್ರೂ ಆಕಿ ಮಾತಾಡವಲ್ಲಳು. ಬುತ್ತಿನೂ ಬಿಚ್ಚವಲ್ಲಳು."

"ನಿನಗ ಚಿಂತಿ ಯಾವುದು? ಆಕಿ ಹೋದಾಳು ಅಂತನೋ, ನೀ ತಪ್ಪಾತು ಅಂದದ್ದಕ್ಕ ಇನ್ನೂ ಉತ್ತರ ಬಂದಿಲ್ಲ ಅಂತನೋ?"

ಮುರಿಗೆಪ್ಪ ಯೋಚಿಸಿದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಎರಡೂ ಅದಾವ್ರಿ."

"ಎರಡನೇದು ಬಿಡು. ಅದನ್ನ ಆಕಿ ಹೊರಬೇಕಾಗಿಲ್ಲ."

ಅವನು ಅದನ್ನು ಬಿಟ್ಟನೋ ಇಲ್ಲವೋ ಹೇಳಲಾರೆ. ಬಿಡುವುದು ಹೇಳಿದಷ್ಟು ಸುಲಭವಲ್ಲ. ಆದರೆ ಮಧ್ಯಾಹ್ನದ ಹೊತ್ತು ಹೊಳೆಗೆ ಹೋಗಿ, ಮಾಳವ್ವನಿಂದ ನಾಲ್ಕು ಮಾರು ದೂರ ಕುಳಿತು, ತಾನೂ ಗಂಗಾಳ ತಿಕ್ಕತೊಡಗಿದ. ಏನೂ ಕೇಳುತ್ತಿರಲಿಲ್ಲ. ಮೊದಲ ದಿನ ಅವಳು ತಾನು ತಿಕ್ಕುವುದನ್ನೇ ನಿಲ್ಲಿಸಿದಳು. ಎರಡನೆಯ ದಿನ ನಿಲ್ಲಿಸಲಿಲ್ಲ. ಮೂರನೆಯ ದಿನ ಅವನು ತಿಕ್ಕಿದ ಒಂದು ಗಂಗಾಳವನ್ನು ಎತ್ತಿ ನೋಡಿ, "ಜಿಡ್ಡು ಹೋಗಿಲ್ರಿ," ಎಂದು ತಿರುಗಿ ಕೊಟ್ಟಳು.

"ಹೌದಲ್ಲ," ಎಂದು ಅವನು ಇಸಿದುಕೊಂಡು ಮತ್ತೆ ತಿಕ್ಕಿದ.

ಅದು ಬುಧವಾರ. ಮರುದಿನ ಬೆಳಿಗ್ಗೆ ಮುರಿಗೆಪ್ಪ ನೋಡಿದಾಗ ಅವಳ ತಲೆದೆಸೆಯಲ್ಲಿ ಬುತ್ತಿ ಇರಲಿಲ್ಲ.

ಅವನು ಹೊರಗೆ ಓಡಿದ. ಹಿತ್ತಲು ನೋಡಿದ, ಹೊಳೆ ನೋಡಿದ, ಎರೆಹೊಲದ ದಾರಿಯಲ್ಲಿ ಅರ್ಧ ಹರಿದಾರಿ ಓಡಿದ. ಎಲ್ಲೂ ಇಲ್ಲ. ಏದುಸಿರು ಬಿಡುತ್ತ ತಿರುಗಿ ಬಂದರೆ ಅಡುಗೆಮನೆಯ ಕಟ್ಟೆಯ ಮೇಲೆ ಮಾಳವ್ವ ಕುಳಿತಿದ್ದಳು. ಮಗ್ಗುಲಲ್ಲಿ ಬಿಚ್ಚಿದ ಬಟ್ಟೆ. ಗಟ್ಟಿ ರೊಟ್ಟಿಯನ್ನು ಕಟಕಟನೆ ಮುರಿದು, ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದಳು. ಅವತ್ತು ಗುರುವಾರ.

ಗಿರಿಮಲ್ಲವ್ವ ಒಳಗಿನಿಂದ ಅವನಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದಳು.

ಅವನು ಬೆವರು ಒರೆಸಿಕೊಂಡು ಪಡಸಾಲೆಗೆ ಹೋದ. ಪಾಠ ಒಪ್ಪಿಸುವುದು ಶುರುವಾಯಿತು. ಮಾಳವ್ವನ ಸರದಿ ಬಂದಾಗ ಎಂದಿನಂತೆ ಮುಂದಿನವರ ಕಡೆ ತಿರುಗಿದ.

"ಹದಿಮೂರೊಂದಲೆ ಹದಿಮೂರು," ಎಂದಿತು ಒಂದು ದನಿ.

ಅವಳು ಕುಳಿತಲ್ಲೇ ಇದ್ದಳು. ಕಣ್ಣು ಪಾಟಿಯ ಮೇಲೇ ಇತ್ತು. ದನಿ ಮಾತ್ರ ಪಡಸಾಲೆ ತುಂಬಿತು, ಹೊರಗಿನ ಕಟ್ಟೆಯವರೆಗೂ ಕೇಳಿತು. ಹದಿಮೂರು ಹತ್ತಲೆ ತನಕ ಹೇಳಿ, ಉಸಿರು ಬಿಟ್ಟಳು. ಯಾರೂ ನಗಲಿಲ್ಲ.

ಪಾಠ ಮುಗಿದದ್ದೇ ಮುರಿಗೆಪ್ಪ ಅಜ್ಜಾರ ಹತ್ತಿರ ಓಡಿದ. ಅವರು ಹೊಳೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಮುಖ ತೊಳೆಯುತ್ತಿದ್ದರು.

"ಅಜ್ಜಾರ, ಮಾಳವ್ವ ಮಗ್ಗಿ ಒಪ್ಪಿಸಿದ್ಲು. ಹದಿಮೂರರದು. ಎಲ್ಲಾರ ಮುಂದ."

"ಪೂರಾ?"

"ಪೂರಾ ರಿ."

"ತಪ್ಪಿಲ್ಲದಂಗ?"

"ಒಂದು ತಪ್ಪಿತ್ರಿ. ಹದಿಮೂರೆಂಟಲೆ ನೂರಾ ಎರಡು ಅಂದ್ಲು."

"ನೀ ಏನು ಮಾಡಿದಿ?"

ಮುರಿಗೆಪ್ಪನ ಮುಖ ಅರಳಿತು. ಈ ಪ್ರಶ್ನೆಗಾಗಿಯೇ ಅವನು ಓಡಿ ಬಂದದ್ದು.

"ನಾ ಏನೂ ಅನಲಿಲ್ರಿ ಅಜ್ಜಾರ. ತಪ್ಪು ಹಿಡೀಲಿಲ್ಲ. ಭಾಳ ಚಲೋ ಆತವ್ವಾ ಅಂದೆ, ಅಷ್ಟ."

ಅಜ್ಜಾರು ಬೊಗಸೆಯ ನೀರು ಚೆಲ್ಲಿ, ಕೈ ಒರೆಸಿಕೊಂಡು ದಂಡೆಗೆ ಬಂದರು.

"ನಾಳಿ ತಿದ್ದು. ಆಕಿ ಕಲಿಯಾಕ ಬಂದಾಳ."